ದೊಡ್ಡವ್ವ ಹೇಳಿದ ಕುವೈತಿನ ಅರಸರು

ದೊಡ್ಡವ್ವ ಕೂತದ್ದನ್ನು ನಾನು ನೋಡಿಲ್ಲ. ಹೀಗೆ ಬರೆದ ಕೂಡಲೇ ಅನುಮಾನವಾಗುತ್ತದೆ. ಕೂರದೆ ಇರುವ ಮನುಷ್ಯರುಂಟೇ? ಅವಳು ಬರುತ್ತಿದ್ದುದೇ ಎರಡು ಮೂರು ವರ್ಷಕ್ಕೊಮ್ಮೆ, ಹೆಚ್ಚೆಂದರೆ ಒಂದು ತಿಂಗಳ ಮಟ್ಟಿಗೆ. ನಡುವಿನದನ್ನು ನಾನೇ ತುಂಬಿಕೊಂಡಿರಬಹುದು. ಆದರೂ ಕಣ್ಣಿಗೆ ಕಟ್ಟಿರುವುದು, ತಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ನಮ್ಮ ರಾಯದುರ್ಗದ ಮನೆಯ ಅಂಗಳದಲ್ಲಿ ಓಡಾಡುತ್ತಲೇ ಉಣ್ಣುವ, ಕಾಲಿಗೆ ಅಡ್ಡ ಬಂದ ಕೋಳಿಯನ್ನೂ “ಯಲ್ಲಾ, ಯಲ್ಲಾ” ಎಂದು ಅರಬ್ಬಿಯಲ್ಲಿ ಅವಸರಪಡಿಸುವ ಹೆಂಗಸು.

ಅವಳು ನನ್ನ ಅವ್ವ ಗಿರಿಜಾಳ ಅಕ್ಕ. ಗಂಡ ತೀರಿಕೊಂಡ ಮೇಲೆ ಪುಟ್ಟ ಮಗಳು ರೇಣುಕಾಳನ್ನು ಅವ್ವನ ಮಡಿಲಿಗೆ ಹಾಕಿ ಕುವೈತಿಗೆ ಮನೆಗೆಲಸಕ್ಕೆ ಹೋದಳು. ಊರಿಗೆ ಬಂದ ದಿನವೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಬೇಕಾದಂತೆ ಜೋಡಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಅವ್ವ ಅವನ್ನು ಮೊದಲಿದ್ದಲ್ಲಿಗೇ ಇಡುತ್ತಿದ್ದಳು. ಅದಕ್ಕಾಗಿ ಅಕ್ಕತಂಗಿಯರು ಜಗಳವಾಡಿದ್ದು ನೆನಪಿಲ್ಲ. ಆಡಿದ್ದರೆ ಚೆನ್ನಾಗಿತ್ತೇನೋ.

ಅವಳು ಕೆಲಸಕ್ಕಿದ್ದದ್ದು ಅಲ್ಲಿನ ಅರಸರಿಗೆ ದೂರದ ನೆಂಟರೆಂದು ಹೇಳಿಕೊಳ್ಳುವವರ ಮನೆಯಲ್ಲಿ. ಆ ಮನೆಯ ಮುದುಕಿ ಕಾಲೊತ್ತಿಸಿಕೊಳ್ಳುತ್ತ ಹೇಳಿದ ಕತೆಯನ್ನು ದೊಡ್ಡವ್ವ ನಮಗೆ ದಾಟಿಸುತ್ತಿದ್ದಳು. ಅರಸರ ಹಿರಿಯರು ಮರಳುಗಾಡಿನ ಒಳನಾಡಿನವರು. ಮಳೆ ಕೈಕೊಟ್ಟಾಗ ಒಂಟೆ ಕುರಿಗಳನ್ನು ಹೊಡೆದುಕೊಂಡು, ಅಲ್ಲಿ ಇಲ್ಲಿ ಅಲೆದು, ಕೊನೆಗೆ ಕಡಲ ದಂಡೆಯ ಸಣ್ಣ ಕೋಟೆಯೊಂದರ ಬಳಿ ನೆಲೆ ನಿಂತರು. ನಮ್ಮ ಕಡೆಯ ಗುಮ್ಮಘಟ್ಟದವರು ಕಣೇಕಲ್ಲಿನ ಕೆರೆ ಬಯಲಿಗೆ ಕುರಿ ಹೊಡೆದುಕೊಂಡು ಹೋದಂತೆ ಎನ್ನುತ್ತಿದ್ದಳು. ಗಂಡಸರಲ್ಲಿ ಕೆಲವರು ಮುತ್ತು ತೆಗೆಯಲು ಕಡಲಿಗೆ, ಕೆಲವರು ವ್ಯಾಪಾರಕ್ಕೆ ಹೊರಟರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಊರಲ್ಲಿ ಜಗಳ ಬಿಡಿಸಲು, ಇದ್ದವರನ್ನು ಕಾಯಲು ಯಾರಾದರೂ ಬೇಕಲ್ಲ? ಒಂದು ಮನೆತನಕ್ಕೆ, ನೀವು ಉಳಿಯಿರಿ ಎಂದರು.

“ಕತ್ತಿ ಹಿಡದು ರಾಜ ಆಗ್ಲಿಲ್ಲವ್ವಾ ಅವ್ರು. ಊರಾಗ ಉಳಕೊಂಡು ಆದ್ರು. ಮುತ್ತು ತಂದೋರು ಬಂದು ಅವ್ರ ಬಾಗ್ಲಾಗ ನಿಂತು ಕೇಳ್ಬೇಕಾತು.”

ಎಣ್ಣೆ ಸಿಕ್ಕಿದ್ದೆಲ್ಲ ಆಮೇಲಿನ ಮಾತು. ಅದರಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಎಂ.ಎ. ಓದುವಾಗ ನಾನು ಗ್ರಂಥಾಲಯದಲ್ಲಿ ಹುಡುಕಿದೆ. ಕತೆ ಹೆಚ್ಚುಕಡಿಮೆ ಸರಿಯಿತ್ತು. ಆದರೆ ಸೋದರರನ್ನು ಕೊಂದು ಗದ್ದುಗೆ ಹಿಡಿದವನೊಬ್ಬನೂ ಅಲ್ಲಿದ್ದ, ಬ್ರಿಟಿಷರೊಡನೆ ಮಾಡಿಕೊಂಡ ಒಪ್ಪಂದವೂ ಇತ್ತು. ಅದನ್ನು ಮುದುಕಿ ಹೇಳಿರಲಿಲ್ಲವೋ, ದೊಡ್ಡವ್ವ ನುಂಗಿಕೊಂಡಳೋ, ನಾನೇ ಮರೆತೆನೋ.

ರೇಣುಕಾ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಗ ಅಮರಾಪುರದ ಕಡೆಯಿಂದ ಸಂಬಂಧ ಬಂತು. ದೊಡ್ಡವ್ವ ರಜೆ ಹಾಕಿ ಓಡಿ ಬಂದಳು. ಓದು ಮುಗಿಯಲಿ, ಮದುವೆ ಆಮೇಲೆ ಎಂದು ಬಂದಾಗಿನಿಂದ ಕೋಣೆ ಕೋಣೆ ಸುತ್ತುತ್ತ ಹೇಳಿದಳು. ಗಂಡಿನವರು ಬಂದ ದಿನ ಹುಡುಗನ ಸೋದರಮಾವ ಚಾಪೆಯ ಮೇಲೆ ಕೂತು ಇಬ್ಬರು ಹೆಂಗಸರನ್ನೂ ದಿಟ್ಟಿಸಿದ.

“ಅಲ್ಲ ಕಣಮ್ಮಾ, ಹುಡ್ಗಿ ತಾಯಿ ಯಾರು? ನಾವು ಯಾರ್ ತಾವ ಮಾತಾಡ್ಬೇಕು?”

ದೊಡ್ಡವ್ವ ಬಾಯಿ ತೆರೆದಳು. ಅಷ್ಟರಲ್ಲಿ ರೇಣುಕಾ ಅವ್ವನ ಕಡೆ ನೋಡಿದ್ದಳು. ಅಪ್ಪನೂ ಅತ್ತಲೇ ನೋಡಿದ. ನಾನೂ ನೋಡಿದೆನೆಂದೇ ಕಾಣುತ್ತದೆ.

ಬರುವ ತಿಂಗಳೇ ಆಗಿಬಿಡಲಿ ಎಂದಳು ಅವ್ವ. ದೊಡ್ಡವ್ವ ಚಹಾದ ಲೋಟಗಳನ್ನು ಒಂದರೊಳಗೊಂದು ಸೇರಿಸತೊಡಗಿದಳು.

“ಗಿರಿಜಾ ಅಂದಂಗ ಆಗ್ಲಿ ಬಿಡ್ರಿ. ಉಳದಾಕಿ ಆಕಿ.”

ಬೀಗರು ಅದನ್ನು ವಿನಯವೆಂದುಕೊಂಡು ತಲೆದೂಗಿದರು. ಕತೆ ಗೊತ್ತಿದ್ದ ನಾವು ಯಾರೂ ತಲೆಯೆತ್ತಲಿಲ್ಲ.

ಮದುವೆಯಾದ ವಾರಕ್ಕೆ ದೊಡ್ಡವ್ವ ಹೊರಟಳು. ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದವಳು ನಾನು. ಇನ್ನು ಸಾಕು, ಇಲ್ಲೇ ಇದ್ದುಬಿಡು ಎಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಕಂಬದಿಂದ ಕಂಬಕ್ಕೆ ನಡೆಯುತ್ತಲೇ ಇದ್ದಳು.

“ಇರ್ತೀನವ್ವಾ. ಯಾವ ಒಲಿ ಮುಂದ ಇರ್ಲಿ, ಹೇಳು.”

ಬಸ್ಸು ಬಂತು, ಹತ್ತಿದಳು. ಅವಳು ಮತ್ತೆ ಬರಲಿಲ್ಲ. ಹೋದ ವರ್ಷ ಅಲ್ಲೇ ತೀರಿಕೊಂಡಳು.

ಮೊನ್ನೆ ಅವ್ವ ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತ, ಬಹಳ ದಿನದಿಂದ ಗಂಟಲಲ್ಲಿದ್ದ ಮಾತನ್ನು ಕೇಳಿಯೇಬಿಟ್ಟೆ. ಅವಳ ಕೈ ನಿಲ್ಲಲಿಲ್ಲ. ನಾನು ಕೇಳಿದ್ದು ಇಷ್ಟೇ:

“ಅವ್ವಾ, ದೊಡ್ಡವ್ವ ಮೊದಲ್ನೇ ಸಲ ಹೋದಾಗ, ಹೋಗ್ತೀನಂತ ಆಕೀನ ಅಂದಿದ್ಲೇನು, ಇಲ್ಲಾ ನೀ ಹೋಗಂದ್ಯಾ?”