ಕೂಡಿಟ್ಟ ರಜೆ

ಜನನ, ಮರಣ ಎರಡೂ ಮನುಷ್ಯನ ಕೈಯಲ್ಲಿಲ್ಲ ಎಂದು ತಿಳಿದವರು ಹೇಳುತ್ತಾರೆ. ಅವರಲ್ಲಿ ಯಾರೂ ತಾಲ್ಲೂಕು ಕಚೇರಿಯ ರಜೆ ಶಾಖೆಯಲ್ಲಿ ಕೂತವರಲ್ಲ. ನಾನು ಮೂವತ್ತೊಂದು ವರ್ಷ ಕೂತಿದ್ದೆ. ಎರಡಕ್ಕೂ ಅರ್ಜಿ ನನ್ನ ಮೇಜಿಗೇ ಬರುತ್ತಿತ್ತು. ನಮೂನೆ ಸರಿಯಿಲ್ಲದಿದ್ದರೆ ಎರಡನ್ನೂ ವಾಪಸು ಕಳಿಸುತ್ತಿದ್ದೆ.

ಕಾಯಿಲೆ ಮೊದಲು ಕಂಡದ್ದು ಕಾಲುಂಗುರದಲ್ಲಿ.

ಮಗಳು ಸುಧಾಳನ್ನು ಏಳನೇ ತಿಂಗಳಲ್ಲಿ ಮಡಿಲು ತುಂಬಿ, ಕಂಪಲಾಪುರದ ಗಂಡನ ಮನೆಯಿಂದ ಹನಗೋಡಿಗೆ ಕರೆತಂದಿದ್ದೆವು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ತವರಿಗೆ ಬಂದವಳು ಮನೆಯಲ್ಲಿ ಕೂರಲಿಲ್ಲ. ದಿನಾ ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿ ಹುಣಸೂರಿನ ಕಡೆಯ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಹೊಲಿದ ಶರ್ಟು ಚೆಕ್ ಮಾಡುವ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಎಂಟನೇ ತಿಂಗಳ ಒಂದು ಸಂಜೆ ಬಚ್ಚಲಲ್ಲಿ ಸೋಪು ಹಚ್ಚಿಕೊಂಡು ಕಾಲುಂಗುರ ಎಳೆಯುತ್ತಿದ್ದಳು. ಬರಲಿಲ್ಲ.

ಆಶಾ ಕಾರ್ಯಕರ್ತೆ ನಿಂಗಮ್ಮ ಬಂದು ಬಿಪಿ ನೋಡಿದಳು. ತಾಯಿ ಕಾರ್ಡಿನಲ್ಲಿ ಬರೆದಳು. ಆಮೇಲೆ ಸುಧಾಳ ಕಾಲನ್ನು ಬೆರಳಿನಿಂದ ಒತ್ತಿದಳು. ಗುಂಡಿ ಬಿತ್ತು. ಹಾಗೇ ಉಳಿಯಿತು.

"ಬಸುರೀಲಿ ಎಲ್ಲಾರ್ಗೂ ಊತ ಬತ್ತದೆ ಅಂತ ಸುಮ್ಕಿರಂಗಿಲ್ಲ ಕಣಣ್ಣ. ನಾಳೀಕೇ ಡಾಕ್ಟ್ರತ್ರ ಕರ್ಕಂಡೋಗಿ."

ಡಾಕ್ಟರಮ್ಮ ಅದಕ್ಕೆ ಪ್ರೀಎಕ್ಲಾಂಪ್ಸಿಯಾ, ಬಸುರಿನಲ್ಲಿ ಬಿಪಿ ಏರುವ ಕಾಯಿಲೆ ಎಂದರು. ಮಾತ್ರೆ ಬರೆದರು. "ಬೆಡ್ ರೆಸ್ಟ್. ಕೆಲಸಕ್ಕೆ ಹೋಗೋ ಹಾಗೇ ಇಲ್ಲ," ಎಂದು ಫ್ಯಾಕ್ಟರಿಗೆ ಕೊಡಲು ಸರ್ಟಿಫಿಕೇಟನ್ನೂ ಬರೆದುಕೊಟ್ಟರು.

ಅಡುಗೆಮನೆಯಲ್ಲಿ ಸಭೆ ಸೇರಿತು. ಅಧ್ಯಕ್ಷತೆ ನನ್ನದೇ. ಹೆರಿಗೆ ರಜೆ ಇಪ್ಪತ್ತಾರು ವಾರ. ಅದರಲ್ಲಿ ಎಂಟು ವಾರದವರೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಮುಂಚೆ ತೆಗೆದುಕೊಂಡಷ್ಟು ಆಮೇಲೆ ಕಡಿಮೆಯಾಗುತ್ತದೆ. ಇಷ್ಟನ್ನು ನಾನು ಸಭೆಗೆ ವಿವರಿಸಿದೆ.

"ನಂಗೆ ಮಗೂ ಜೊತೆ ಪೂರ್ತಿ ಆರು ತಿಂಗ್ಳು ಇರ್ಬೇಕು ಅಪ್ಪಾಜಿ," ಎಂದಳು ಸುಧಾ. "ಎಳೇ ಕೂಸಿಗೆ ಹಾಲು ಬಿಡ್ಸಿ ಬಸ್ಸು ಅತ್ತಕಾಗಲ್ಲ."

ರಜೆ ಕೂಡಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಮಾತ್ರೆ ನುಂಗಿಕೊಂಡು ಒಂಬತ್ತು ತುಂಬುವ ತನಕ ಹೋಗಲಿ ಎಂದು ತೀರ್ಪು ಕೊಟ್ಟೆ.

"ನಿಮ್ ರೂಲ್ಸು ಬುಕ್ಕು ಬಸುರಾಗಿದ್ದಿದ್ರೆ ಗೊತ್ತಾಗದು," ಎಂದಳು ನನ್ನ ಹೆಂಡತಿ ಜಯಮ್ಮ. "ಮೊದ್ಲು ಅವಳ ಕಾಲು ನೋಡ್ರೀ!"

ಸುಧಾ ನಕ್ಕಳು. ನಾನೂ ನಕ್ಕೆ. ಸರ್ಟಿಫಿಕೇಟನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದೆ.

ಹತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫ್ಯಾಕ್ಟರಿಯಿಂದ ಫೋನು ಬಂತು. ಬೆಳಗಿನಿಂದ ತಲೆನೋವು ಎನ್ನುತ್ತಿದ್ದಳಂತೆ. ಕಣ್ಣು ಮಂಜು ಎಂದಳಂತೆ. ಶರ್ಟುಗಳ ರಾಶಿಯ ಪಕ್ಕದಲ್ಲೇ ಬಿದ್ದು ಫಿಟ್ಸ್ ಬಂತಂತೆ. ಆಂಬುಲೆನ್ಸ್ ಆಗಲೇ ಮೈಸೂರಿನ ದಾರಿ ಹಿಡಿದಿತ್ತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತ್ತು.

ಹೆಣ್ಣು ಮಗು. ಅಳಲಿಲ್ಲ.

"ಹೊಟ್ಟೆಯಲ್ಲೇ ಹೋಗಿತ್ತು. ತಾಯಿಯನ್ನ ಉಳಿಸಿಕೊಳ್ಳೋಕೆ ನೋಡ್ತಿದ್ದೀವಿ," ಎಂದರು ಅಲ್ಲಿಯ ಡಾಕ್ಟರು. "ರೆಸ್ಟ್ ಹೇಳಿರಲಿಲ್ವಾ?"

"ಹೇಳಿದ್ರು."

"ಮತ್ತೆ?"



ಸುಧಾ ನಾಲ್ಕು ದಿನ ಐಸಿಯುನಲ್ಲಿದ್ದಳು. ಮೂರನೆಯ ದಿನ ಎದೆಹಾಲು ಬಂತು. ಅದಕ್ಕೆ ಯಾರೂ ವಿಷಯ ತಿಳಿಸಿರಲಿಲ್ಲ.

ವಾರ್ಡಿಗೆ ಬಂದ ಮೇಲೆ ಅವಳು ತಾಯಿಯನ್ನು ಒಂದೇ ಮಾತು ಕೇಳಿದಳು. "ಯಾರಂಗಿತ್ತವ್ವ?"

"ನಿನ್ನಂಗೇ ಕಣವ್ವ," ಎಂದಳು ಜಯಮ್ಮ. ಮಣ್ಣಿಗೆ ಒಯ್ಯುವ ಮುಂಚೆ ಮುಖ ನೋಡಿದ್ದು ಅವಳು, ಅಳಿಯ ಇಬ್ಬರೇ. ನಾನು ಆಸ್ಪತ್ರೆಯ ಕಾಗದಕ್ಕೆ ರುಜು ಹಾಕುವ ನೆಪ ಮಾಡಿಕೊಂಡು ಕೌಂಟರಿನ ಮುಂದೆ ನಿಂತಿದ್ದೆ.

ಹದಿನೈದು ದಿನ ಕಳೆದು ಫೈಲು ಹಿಡಿದು ಫ್ಯಾಕ್ಟರಿಯ ಆಫೀಸಿಗೆ ಹೋದೆ. ಅಲ್ಲಿದ್ದ ಹುಡುಗಿಗೆ ನನ್ನ ಮಗಳಷ್ಟೇ ವಯಸ್ಸು. ಮಗು ಉಳಿಯದಿದ್ದರೂ ರಜೆ ಇದೆ, ಸಂಬಳ ಸಮೇತ ಇಪ್ಪತ್ತಾರು ವಾರವೂ ಸಿಗುತ್ತದೆ ಎಂದಳು. ನಾವು ಕೂಡಿಟ್ಟದ್ದರಲ್ಲಿ ಒಂದು ದಿನವೂ ಪೋಲಾಗಿರಲಿಲ್ಲ. ಅಷ್ಟರಲ್ಲಿ ಅವಳ ಕೈಗೆ ಡಾಕ್ಟರಮ್ಮನ ಸರ್ಟಿಫಿಕೇಟು ಸಿಕ್ಕಿತು.

"ಇದನ್ನ ಯಾಕೆ ಕೊಡಲಿಲ್ಲ ಸರ್? ಬಸುರಿನಲ್ಲಿ ಕಾಯಿಲೆ ಆದರೆ ಬೇರೆ ಒಂದು ತಿಂಗಳವರೆಗೆ ಸಂಬಳದ ರಜೆ ಇದೆ. ಇಪ್ಪತ್ತಾರು ವಾರವನ್ನ ಮುಟ್ಟೋದೇ ಬೇಕಿರಲಿಲ್ಲ."

ನನಗೆ ಗೊತ್ತಿರಲಿಲ್ಲ. ಬೇರೆಯವರ ಅರ್ಜಿಗಳಲ್ಲಿ ಮೂವತ್ತೊಂದು ವರ್ಷ ತಪ್ಪು ಹುಡುಕಿದವನು, ರಜೆಯ ವಿಚಾರ ಇನ್ನೊಬ್ಬರನ್ನು ಕೇಳುವುದೇ ಎಂದುಕೊಂಡಿದ್ದೆ. ಕೇಳಲು ಒಂದು ಫೋನು ಸಾಕಿತ್ತು.

ಮನೆಗೆ ಬಂದು ಸುಧಾಗೆ ಹೇಳಿದೆ. ಮುಚ್ಚಿಡಬಹುದಿತ್ತು, ಆಗಲಿಲ್ಲ. ಅವಳು ಸರ್ಟಿಫಿಕೇಟನ್ನು ಇಸಿದುಕೊಂಡು ಓದಿ, ಮತ್ತೆ ಫೈಲಿಗೇ ಸೇರಿಸಿದಳು.

"ನಾನೂ ಕೇಳ್ನಿಲ್ವಲ್ಲ. ಬುಡಿ ಅಪ್ಪಾಜಿ," ಎಂದಳು.

ನಾನು ಬಿಟ್ಟಿಲ್ಲ. ಆದರೆ ಮಗಳು ಉಳಿದಳು. ಆಂಬುಲೆನ್ಸಿನವರು ಅರ್ಧ ಗಂಟೆ ತಡ ಮಾಡಿದ್ದರೆ ಅವಳೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆ ಡ್ರೈವರನ ಹೆಸರು ನನಗೆ ಗೊತ್ತಿಲ್ಲ, ದಿನಾ ನೆನೆಯುತ್ತೇನೆ. ನಿಂಗಮ್ಮ ಈಗಲೂ ಬಂದು ಬಿಪಿ ನೋಡಿ ಹೋಗುತ್ತಾಳೆ. ನೂರಿಪ್ಪತ್ತು, ಎಂಬತ್ತು. ಕಾಲುಂಗುರ ಸಡಿಲವಾಗಿದೆ.

ಇಪ್ಪತ್ತಾರು ವಾರದ ರಜೆಯನ್ನು ಪೂರ್ತಿ ಮುಗಿಸಿ, ಕಳೆದ ಸೋಮವಾರ ಸುಧಾ ಕೆಲಸಕ್ಕೆ ಹಾಜರಾದಳು.