ಕದನ ನಿಂತ ಸಂಜೆಯ ಸಕ್ಕರೆ

ಅಜ್ಜಂಪುರದ ಪೇಟೆಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಪಂಕಜಾಕ್ಷಿಗೆ ಬಾಯಿ ಜೋರು ಎಂದು ಹೆಸರು. ಇರಲಿ ಬಿಡಿ, ಜೀವಮಾನವೆಲ್ಲ ಗಿರಣಿಯ ಗದ್ದಲದಲ್ಲಿ ನಿಂತವಳು ಪಿಸುಗುಟ್ಟಿದರೆ ಯಾರಿಗೆ ಕೇಳೀತು? ಲಿಂಗದಹಳ್ಳಿಯಿಂದ ದೇವೀರಪ್ಪನ ಕೈಹಿಡಿದು ಬಂದವಳು. ಮಗ ಪ್ರಸನ್ನಕುಮಾರ್ ಇನ್ನೂ ತೊಟ್ಟಿಲ ಕೂಸಾಗಿದ್ದಾಗಲೇ ಗಂಡ ಕಾರ್ಗಿಲ್ ಯುದ್ಧದಲ್ಲಿ ಹೋದ. ತವರಿನವರು ಕರೆದರೂ ಹೋಗಲಿಲ್ಲ. ಗಿರಣಿ ಹಾಕಿದಳು, ಊರಿನ ರಾಗಿ ಬೀಸಿಕೊಟ್ಟು ಮಗನನ್ನು ಸಾಕಿದಳು. ಆ ಮಗನೂ ಬೆಳೆದು ಅಪ್ಪನ ದಾರಿಯನ್ನೇ ಹಿಡಿಯುತ್ತೇನೆ ಎಂದಾಗ ಒಲೆ ಹಚ್ಚದೆ ಕೂತಳು. ಹಟ ಯಾರಿಗೆ ಕಮ್ಮಿ? ಕೊನೆಗೆ ತಾನೇ ಅವನ ಟ್ರಂಕಿಗೆ ಹುರಿಹಿಟ್ಟು, ಚಟ್ನಿಪುಡಿ ತುಂಬಿ, ಕಡೂರಿನಲ್ಲಿ ರೈಲು ಹತ್ತಿಸಿ ಬಂದಳು.

ಈ ಮೇ ತಿಂಗಳಲ್ಲಿ ಗಡಿಯಲ್ಲಿ ಮತ್ತೆ ಬಾಂಬು ಬಿದ್ದಾಗ ಪ್ರಸನ್ನ ಅಲ್ಲೇ ಇದ್ದ. "ಫೋನ್ ಆಫ್ ಮಾಡ್ಬೇಕಂತಮ್ಮ, ನಾನೇ ಮಾಡ್ತೀನಿ" ಎಂದು ಬುಧವಾರ ಹೇಳಿದವನ ದನಿ ಆಮೇಲೆ ಕೇಳಲಿಲ್ಲ.

ಬೀದಿಗೋ ಹಬ್ಬ. ಎದುರು ಸಾಲಿನಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿರುವ ವಿಶ್ವಾರಾಧ್ಯ, ದೇವೀರಪ್ಪನ ಒಡಹುಟ್ಟಿದ ತಮ್ಮ, ಅಣ್ಣನ ಫೋಟೊ ಹಾಕಿಸಿ ಫ್ಲೆಕ್ಸ್ ಕಟ್ಟಿಸಿದ: ‘ನಿನ್ನ ರಕ್ತಕ್ಕೆ ಪ್ರತೀಕಾರ!’ ಅವನ ಅಂಗಡಿಯ ಟೀವಿ ಮುಂದೆ ಅರ್ಧ ಊರೇ ನೆರೆಯುತ್ತಿತ್ತು. ಅಲ್ಲಿ ಬಾಂಬು ಬಿದ್ದರೆ ಇಲ್ಲಿ ಶಿಳ್ಳೆ. ಅದು ಕಿವಿಗೆ ಬೀಳದಿರಲಿ ಎಂದು ಪಂಕಜಾಕ್ಷಿ ಕಾಳಿಲ್ಲದಿದ್ದರೂ ಗಿರಣಿ ಓಡಿಸುವಳು.

"ಬರೀ ಕಲ್ಲು ಸವೀತದೆ ಕಣೇ" ಎಂದಳು ರಾಗಿ ತಂದಿದ್ದ ಪಕ್ಕದ ಮನೆಯ ಕಾಂತಮ್ಮ.

"ಸವೀಲಿ ಬಿಡು."

ಶನಿವಾರ ಸಂಜೆ ಟೀವಿಯಲ್ಲಿ ಕದನ ವಿರಾಮದ ಸುದ್ದಿ ಬಂತು. ಮಳೆ ಬಂದು ಮ್ಯಾಚ್ ನಿಂತಾಗಿನ ಹಾಗೆ ಅಂಗಡಿಯ ಮುಂದಿನ ಜನ ಲೊಚಗುಟ್ಟಿದರು. ಪಂಕಜಾಕ್ಷಿ ಗಿರಣಿ ನಿಲ್ಲಿಸಿದಳು. ಮಗನ ನಂಬರಿಗೆ ಒತ್ತಿದಳು. ಸ್ವಿಚ್ ಆಫ್. ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು, ಸ್ಟೀಲ್ ಡಬ್ಬಿಗೆ ಸಕ್ಕರೆ ಸುರಿದುಕೊಂಡು ಬೀದಿಗಿಳಿದಳು. ಮಗು ಹುಟ್ಟಿದರೆ, ಪರೀಕ್ಷೆ ಪಾಸಾದರೆ ಮನೆಮನೆಗೆ ಸಕ್ಕರೆ ಹಂಚುವುದು ನಮ್ಮ ಕಡೆಯ ವಾಡಿಕೆ. ಯುದ್ಧ ನಿಂತದ್ದಕ್ಕೆ ಹಂಚಿದವರನ್ನು ಯಾರೂ ಕಂಡಿರಲಿಲ್ಲ.

"ಏನೇ ಸಮಾಚಾರ, ಪ್ರಸನ್ನಂಗೆ ಹೆಣ್ಣು ಗೊತ್ತಾಯ್ತಾ?" ಎಂದಳು ಕಾಂತಮ್ಮ.

"ಯುದ್ಧ ನಿಂತೋಯ್ತು ಕಣೇ. ಬಾಯಿ ತೆಗಿ."

ಕೆಲವರು ತಿಂದರು. ಕೆಲವರು ಕಂಡೂ ಕಾಣದಂತೆ ಬಾಗಿಲು ಮುಂದಕ್ಕೆಳೆದುಕೊಂಡರು. "ಹುತಾತ್ಮನ ಹೆಂಡ್ತಿ ಆಡೋ ಆಟವೇನ್ರೀ ಇದು?" ಎಂದು ಕಟ್ಟೆ ಮೇಲೆ ಕೂತಿದ್ದ ಒಬ್ಬ ಗೊಣಗಿದ.

"ನೀನು ಹೋಗ್ತೀಯೇನಪ್ಪಾ ಗಡಿಗೆ? ಬುತ್ತಿ ನಾನೇ ಕಟ್ಕೊಡ್ತೀನಿ" ಎಂದವಳೇ ಮುಂದೆ ನಡೆದಳು.

ಅಂಗಡಿಯ ಮುಂದೆ ನಿಂತಿದ್ದ ವಿಶ್ವಾರಾಧ್ಯ ಕೈ ಹಿಂದಕ್ಕೆ ಕಟ್ಟಿಕೊಂಡ. "ಅಣ್ಣನ ಜೀವ ಅಷ್ಟು ಅಗ್ಗವಾಗೋಯ್ತಾ ನಿಮಗೆ, ಅತ್ತಿಗೆ? ಅರ್ಧಕ್ಕೆ ನಿಲ್ಸಿದ್ರೆ ನಾಳೆ ಮತ್ತೆ ಶುರು ಮಾಡ್ತಾರೆ. ಒಂದ್ಸಲ ಪೂರ್ತಿ ಮುಗಿಸಿಬಿಟ್ರೆ ಶಾಶ್ವತವಾಗಿ ನೆಮ್ಮದಿ."

"ನಿಮ್ಮಣ್ಣನ ಕಾಲ್ದಲ್ಲೂ ಹಿಂಗೇ ಅಂದಿದ್ರು ಕಣೋ. ಲೇ ವಿಶ್ವ, ನಿಮ್ಮಣ್ಣಂಗೆ ಗುಂಡಿ ತೋಡಿದ್ದು ಯಾರೋ?"

ವಿಶ್ವಾರಾಧ್ಯನ ಮುಖ ಕಪ್ಪಿಟ್ಟಿತು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತಂತೆ ಗುಂಡಿಯೊಳಗೆ ಕೂರಿಸುತ್ತಾರೆ. ದೇವೀರಪ್ಪನಿಗೂ ಹೊಲದಲ್ಲಿ ಹಾಗೇ ಚೌಕಕ್ಕೆ ಗುಂಡಿ ತೋಡಿಸಿದ್ದರು. ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ. ಬಿಚ್ಚಬೇಡಿ ಎಂದು ಜೊತೆಗೆ ಬಂದ ಸುಬೇದಾರರು ಕೈಮುಗಿದರು. ಪೆಟ್ಟಿಗೆ ಗುಂಡಿಯಲ್ಲಿ ಇಳಿಯಲೊಲ್ಲದು. ಊರೆಲ್ಲ ನಿಂತು ನೋಡುತ್ತಿರಲು, ಆಗಿನ್ನೂ ಮೀಸೆ ಬಲಿಯದ ವಿಶ್ವಾರಾಧ್ಯ ಗುದ್ದಲಿ ಹಿಡಿದು ಒಳಗೆ ಧುಮುಕಿದ. ಅಂಗೈ ಕಿತ್ತು ರಕ್ತ ಬರುವವರೆಗೂ, ಅಳುತ್ತಲೇ ಗುಂಡಿಯನ್ನು ಉದ್ದ ಮಾಡಿದ. ಆ ಮನೆತನದಲ್ಲಿ ಮಲಗಿಸಿ ಮಣ್ಣು ಮಾಡಿದ್ದು ದೇವೀರಪ್ಪನೊಬ್ಬನನ್ನೇ.

"ಪ್ರಸನ್ನಂಗೆ ಹೆಂಗೆ ತೋಡ್ತೀಯೋ?" ಎಂದಳು ಪಂಕಜಾಕ್ಷಿ. "ಕೂರೋ ಹಂಗೋ, ಮಲಗೋ ಹಂಗೋ? ಈಗ್ಲೇ ಹೇಳ್ಬಿಡು."

"ಬಿಡ್ತು ಅನ್ನಿ ಅಕ್ಕ!" ಎನ್ನುತ್ತಾ ಒಳಗಿಂದ ಅವನ ಹೆಂಡತಿ ಸುಮನಾ ಓಡಿಬಂದಳು. ಯಾರೋ ಟೀವಿ ಆರಿಸಿದರು. "ಪ್ರಸನ್ನ ಫೋನ್ ಮಾಡಿದ್ನಾ?" ಎಂದು ಸುಮನಾ ಕೇಳಿದಳು.

"ಇಲ್ಲ ಕಣಮ್ಮ." ಇಷ್ಟು ಹೊತ್ತೂ ಗಟ್ಟಿಯಾಗಿದ್ದ ದನಿ ಆಗ ಒಡೆಯಿತು. "ಬುಧವಾರದಿಂದ ಇಲ್ಲ."

ವಿಶ್ವಾರಾಧ್ಯ ತಲೆ ಎತ್ತಿದ. "ಅವನ ಸುದ್ದಿನೇ ಇಲ್ವಾ? ಮತ್ತೆ ಸಕ್ಕರೆ ಹೆಂಗೆ ಹಂಚ್ತಿದ್ದೀರಿ, ಅತ್ತಿಗೆ?"

ಪಂಕಜಾಕ್ಷಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಯಾವಳೋ ಒಬ್ಬ ತಾಯಿಗೆ ಇಷ್ಟೊತ್ತಿಗೆ ಫೋನ್ ಬಂದಿರ್ತದೆ ಕಣಪ್ಪ. ಈ ಕಡೆಯವಳೋ, ಆ ಕಡೆಯವಳೋ. ಅವಳಿಗೋಸ್ಕರ ಹಂಚ್ತಿದ್ದೀನಿ, ತಗೋ."

ವಿಶ್ವಾರಾಧ್ಯ ಎರಡೂ ಕೈ ಒಡ್ಡಿದ.