ನಂಗಲಿಗೆ ಒಯ್ದ ಉಪ್ಪು

ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆ. ನಾನಾಗ ಕೋಲಾರದಲ್ಲಿ ಆರೋಗ್ಯ ಶಿಕ್ಷಣದ ಕೆಲಸದಲ್ಲಿದ್ದೆ. ನಂಗಲಿ ಕಡೆಯ ಹಳ್ಳಿಗಳಿಗೆ ಕಳಿಸಿದ ಅಯೋಡಿನ್ ಉಪ್ಪನ್ನು ಯಾರೂ ಮುಟ್ಟುತ್ತಿಲ್ಲವೆಂದು ಸುದ್ದಿ ಬಂತು. "ಬುದ್ಧಿಯಿಲ್ಲದ ಜನ, ಹೋಗಿ ತಿಳಿಸಿ ಹೇಳಿ" ಎಂದರು ಸಾಹೇಬರು. ಒಂದಿಷ್ಟು ಉಪ್ಪಿನ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಬೆಳಗಿನ ಬಸ್ಸು ಹತ್ತಿದೆ.

ಮುಳಬಾಗಿಲಿನಲ್ಲಿ ದೋಸೆ ತಿಂದು ಬಸ್ಸು ಬದಲಿಸಿದೆ. ನಂಗಲಿಯಲ್ಲಿ ಇಳಿದಾಗ ಬಿಸಿಲು ಏರಿತ್ತು, ಲಾರಿಗಳ ಧೂಳು ಬೇರೆ. ಅಲ್ಲಿನ ಅಂಗಡಿಯೆದುರು ನಮ್ಮ ಉಪ್ಪಿನ ಮೂಟೆಗಳು ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿದ್ದವು. ಹಾಗೆ ಇಟ್ಟರೆ ಅಯೋಡಿನ್ ಉಳಿಯದು ಎಂದು ಅಂಗಡಿಯವನಿಗೆ ಯಾರೂ ಹೇಳಿರಲಿಲ್ಲ.

ಎರಡು ಮೈಲಿ ನಡೆದು ಹಳ್ಳಿ ಸೇರಿದೆ. ಮೊದಲ ಮನೆಯಲ್ಲಿ ಪಾಪಮ್ಮ ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ತುಂಬು ಬಸುರಿ ಸೊಸೆ ರತ್ನಾಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಅಯೋಡಿನ್ ಸಾಲದ್ದರ ಗುರುತು. ಅವಳ ನಾಲ್ಕು ವರ್ಷದ ಮಗನನ್ನು ಹಿಂದಿನಿಂದ ಕೂಗಿದೆ, ತಿರುಗಲಿಲ್ಲ. ಹುಟ್ಟಿನಿಂದಲೇ ಕಿವುಡು, ಮಾತೂ ಇಲ್ಲ.

ಉಪ್ಪಿನ ವಿಷಯ ತೆಗೆದೆನೋ ಇಲ್ಲವೋ ಪಾಪಮ್ಮ ಕುಡುಗೋಲು ಕೆಳಗಿಟ್ಟರು.

"ಗೌರ್ಮೆಂಟು ಉಪ್ಪು ನಮ್ಮನೇಗೆ ಬ್ಯಾಡ ಕಣಮ್ಮಾ. ನನ್ ಚಿಕ್ ಮಗನಿಗೆ ಇನ್ನೂ ಮದುವೇನೇ ಆಗಿರ್ಲಿಲ್ಲ. ಸಂತೇಲಿ ಹಿಡಿದು ಜೀಪಿಗೆ ಹಾಕ್ಕೊಂಡು ಹೋಗಿ ಮಕ್ಕಳಾಗದಂಗೆ ಆಪರೇಷನ್ ಮಾಡಿ ಬಿಟ್ರು. ಈಗ ಅದೇ ಜೀಪಲ್ಲಿ ಉಪ್ಪು ತಂದು ತಿನ್ನಿ ಅಂದ್ರೆ, ಹೆಂಗಮ್ಮಾ ತಿನ್ನೋದು?"

ಬುದ್ಧಿಯಿಲ್ಲದ ಜನವಂತೆ! ಊರಿನ ನಂಬಿಕೆಯನ್ನೇ ಕತ್ತರಿಸಿ ಹಾಕಿ, ಈಗ ಅದೇ ಊರಿಗೆ ಬುದ್ಧಿ ಹೇಳಲು ನನ್ನನ್ನು ಕಳಿಸಿದ್ದರು.

"ಈ ಉಪ್ಪನ್ನೇ ಹಾಕಿ ನನಗೂ ಒಂದು ಮುದ್ದೆ ಇಕ್ಕಿ, ಅಮ್ಮಾ" ಎಂದೆ. ಪಾಪಮ್ಮ ಪೊಟ್ಟಣ ಮುಟ್ಟಲಿಲ್ಲ. ಮುದ್ದೆ, ಬಸ್ಸಾರು ಮಾತ್ರ ಇಕ್ಕಿದರು. ಬಸುರಿಯ ಮೈಗೆ ಅಯೋಡಿನ್ ಸಾಲದಿದ್ದರೆ ಮಗು ಕಿವುಡಾಗಿ ಹುಟ್ಟಬಹುದೆಂದು ರತ್ನಾಳಿಗೂ ಕೇಳುವಂತೆ ಹೇಳುತ್ತಾ, ನಾನೇ ಉಪ್ಪು ಬೆರೆಸಿಕೊಂಡು ಉಂಡೆ. ಪಾಪಮ್ಮ ನೋಡಿದರು, ಮತ್ತೆ ಸೊಪ್ಪು ಹೆಚ್ಚತೊಡಗಿದರು.

ಸಂಜೆ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರತ್ನ ಏದುಸಿರು ಬಿಡುತ್ತಾ ಬಂದಳು.

"ಅಕ್ಕಾ, ಆ ಉಪ್ಪು ಕೊಡಿ. ಅತ್ತೆ ನೋಡಿದ್ರೂ ನೋಡ್ದಂಗೆ ಇರ್ತಾರೆ."

ಎಲ್ಲವನ್ನೂ ಕೊಟ್ಟೆ. ಮುಚ್ಚಳದ ಡಬ್ಬಿಯಲ್ಲಿಡು, ಉಪ್ಪನ್ನು ತೊಳೆಯಬೇಡ, ಅಯೋಡಿನ್ ಹೋಗಿಬಿಡುತ್ತದೆ ಎಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ಇದಕ್ಕಾದ್ರೂ ಕಿವಿ ಕೇಳಿಸ್ತದಾ?"

ಅವಳಿಗೆ ಆಗಲೇ ಎಂಟು ತಿಂಗಳು. ಆ ಉಪ್ಪು ಅವಳು ಬಸುರಾಗುವ ಮೊದಲೇ ಅವಳ ಮನೆಗೆ ಬರಬೇಕಿತ್ತು. "ನಾಳೆಯೇ ಮುಳಬಾಗಿಲಿನ ಡಾಕ್ಟರಿಗೆ ತೋರಿಸು" ಎಂದಷ್ಟೇ ಹೇಳಿದೆ. ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದಾಗ ಅವಳಿನ್ನೂ ನಿಂತೇ ಇದ್ದಳು, ನಾನು ಕೊಡದ ಉತ್ತರಕ್ಕೆ ಕಾಯುತ್ತಾ.